ಮೇಷ್ಟ್ರ ಪಿಂಚಣಿ ಬಿಟ್ಟ ವರ್ಷ

ಆ ವರ್ಷದ ಆಷಾಢದಲ್ಲಿ, ಗೌರಿಬಿದನೂರು ಸ್ಟೇಷನ್ನಿನ ಸಿಮೆಂಟ್ ಬೆಂಚಿನ ಮೇಲೆ ಕೂತು, ಅವರು ನೇರವಾಗಿ ಕೇಳಿಬಿಟ್ಟರು.

“ನಂಗೆ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ. ನಾವಿಬ್ರೂ ಮದುವೆ ಆಗಣ ಅಂತೀನಿ. ನೀವೇನಂತೀರ?”

ಅವರಿಗೆ ಅರವತ್ತು ದಾಟಿತ್ತು. ನನಗೆ ಐವತ್ತೈದರ ಮೇಲಾಗಿತ್ತು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ನನ್ನ ಗಂಡ ಹೋಗಿ ಅದಕ್ಕಿಂತ ಹೆಚ್ಚು. ಇಂಥ ಮಾತಿಗೆ ನಾಚಬೇಕೋ ಸಿಟ್ಟಾಗಬೇಕೋ ನನಗೆ ತಿಳಿಯಲಿಲ್ಲ. ಎರಡೂ ಮಾಡದೆ, “ಮದುವೆಯಾದ್ರೆ ನನ್ನ ಪಿಂಚಣಿ ನಿಂತುಹೋಗತ್ತೆ” ಎಂದೆ.

ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. “ಹೌದು, ಅದನ್ನೂ ಯೋಚನೆ ಮಾಡ್ಬೇಕು” ಎಂದು ತಲೆಯಾಡಿಸಿದರು. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆಗಲೇ.

ನನ್ನ ಗಂಡ ಸರ್ಕಾರಿ ಪ್ರೈಮರಿ ಶಾಲೆಯ ಮೇಷ್ಟ್ರು. ಚಿಂತಾಮಣಿಯ ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯಲ್ಲಿ ಕೆಲಸ. ಮಕ್ಕಳಾಗಲಿಲ್ಲ. ಮದುವೆಯಾಗಿ ಕೆಲವೇ ವರ್ಷಕ್ಕೆ ಕಾಮಾಲೆ ತಗುಲಿ ತೀರಿಕೊಂಡರು. ಕೆಟ್ಟವರಲ್ಲ, ಆದರೆ ಬದುಕಿದ್ದಷ್ಟು ದಿನ ನನ್ನ ಕೈಗೆಂದು ದುಡ್ಡು ಕೊಟ್ಟವರೂ ಅಲ್ಲ. ಉಪ್ಪು ಬೇಕೆಂದರೆ ಉಪ್ಪು ತರುತ್ತಿದ್ದರು, ಬಳೆ ಬೇಕೆಂದರೆ ಬಳೆ. ಅವರು ಹೋದಮೇಲೆಯೇ ತಿಂಗಳು ತಿಂಗಳು ನನ್ನ ಹೆಸರಿಗೆ ದುಡ್ಡು ಬರಲು ಶುರುವಾದದ್ದು. ಅದೂ ಸುಮ್ಮನೆ ಬರಲಿಲ್ಲ. ಭಾವನವರು ಪಾಲು ಕೇಳಿದರು, ಕಚೇರಿಯಲ್ಲಿ ಇವತ್ತು ಬಾ ನಾಳೆ ಬಾ ಎಂದರು. ಮಧ್ಯಾಹ್ನದ ಬಿಸಿಲಲ್ಲಿ ಬಿಇಓ ಆಫೀಸಿನ ಜಗಲಿಯ ಮೇಲೆ ಕೂತು ಕೂತು ಪಡೆದ ಕುಟುಂಬ ಪಿಂಚಣಿ ಅದು. ಅದು ಕೈಗೆ ಬಂದಮೇಲೆ ನಾನು ಅತ್ತೆಮನೆಯಲ್ಲೂ ಇರಲಿಲ್ಲ, ಅಣ್ಣನ ಮನೆಯಲ್ಲೂ ಇರಲಿಲ್ಲ. ಗೌರಿಬಿದನೂರಿಗೆ ಬಂದು ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ. ಸೀರೆಗೆ ಫಾಲ್ ಹಾಕುವುದು, ಸೆರಗಿಗೆ ಕುಚ್ಚು ಕಟ್ಟುವುದು ಕಲಿತೆ. ಬೀದಿಯಲ್ಲಿ ಈಗಲೂ ನಾನು ‘ಮೇಷ್ಟ್ರ ಮನೆಯೋರು’.

ಕುಚ್ಚಿನ ಕೆಲಸಕ್ಕೇ, ಸ್ಟೇಷನ್ನಿನಲ್ಲಿ ಮದುವೆ ಕೇಳಿದವರ ಮಗಳು ನನ್ನಲ್ಲಿಗೆ ಬಂದದ್ದು. ಮೂವತ್ತು ದಾಟಿದ ಹೆಂಗಸು. ಗಂಡನಿಂದ ಬಿಡುಗಡೆಯಾಗಿ, ಕೋರ್ಟಿನ ಕಾಗದ ಹಿಡಿದು ತೊಂಡೇಬಾವಿಯ ಅಪ್ಪನ ಮನೆಗೆ ವಾಪಸಾಗಿದ್ದಳು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಬರುವಳು, ಸಂಜೆ ಹೋಗುವಳು. ಬೆರಳು ಚುರುಕು, ಮಾತು ಕಡಿಮೆ. ನಾನು ಶಿಡ್ಲಘಟ್ಟದಿಂದ ತಂದ ರೇಷ್ಮೆ ನೂಲನ್ನು ಅವಳು ಬಿಡಿಸಿಡುವಳು, ಇಬ್ಬರೂ ಎದುರುಬದುರು ಕೂತು ಕಟ್ಟುವೆವು. ಅವಳ ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ರಿಟೈರ್ ಆದವರು. ಮಳೆಯ ದಿನ ಮಗಳನ್ನು ಕರೆದೊಯ್ಯಲು ಕೊಡೆ ಹಿಡಿದು ಬರುತ್ತಿದ್ದರು. ಮೊದಮೊದಲು ಬಾಗಿಲಲ್ಲೇ ನಿಲ್ಲುವರು, ಆಮೇಲೆ ಕಾಫಿ ಕುಡಿಯುವರು, ಆಮೇಲೆ ಮಳೆಯಿಲ್ಲದಿದ್ದರೂ ಬರುವರು. ಮಗಳಿಗೆ ಗೊತ್ತಾಗದೆ ಏನೂ ಇರಲಿಲ್ಲ. ಅವಳು ಬೇಡವೆಂದಿರಲಿಲ್ಲ.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾವು ಬದುಕಿದ್ದೇವೆಂದು ಬ್ಯಾಂಕಿನಲ್ಲಿ ಬರೆದುಕೊಡಬೇಕು. ನನ್ನಂಥ ವಿಧವೆಯರಿಗೆ ಅದರಲ್ಲಿ ಇನ್ನೊಂದು ಸಾಲಿರುತ್ತದೆ: ನಾನು ಮರುಮದುವೆಯಾಗಿಲ್ಲ. ಇಷ್ಟು ವರ್ಷ ಆ ಸಾಲನ್ನು ಓದದೆ ಸಹಿ ಹಾಕಿದ್ದೆ. ಓದುವ ಅಗತ್ಯವೇ ಬಿದ್ದಿರಲಿಲ್ಲ. ಆ ಶ್ರಾವಣದಲ್ಲಿ ಮಾತ್ರ ಕುಚ್ಚು ಕಟ್ಟುವಾಗಲೂ ಆ ಸಾಲು ಕಣ್ಣ ಮುಂದೆ ಬರುತ್ತಿತ್ತು.

ಮೊದಲು ಚಿಂತಾಮಣಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅಣ್ಣ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ನಮ್ಮ ಮನೆಯಲ್ಲಿ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ: “ಯಾವ ಪೈಕಿ?”

ಹೇಳಿದೆ. ಅವರದು ಬುದ್ಧನ ಪಟ ಇಟ್ಟುಕೊಂಡ ಮನೆ. ಅಣ್ಣನ ಮುಖ ಬಿಗಿಯಿತು. ಆದರೆ ಜಾತಿಯ ಮಾತನ್ನು ಅಲ್ಲಿಗೇ ಬಿಟ್ಟು ಪಿಂಚಣಿಯ ಮಾತು ಹಿಡಿದ.

“ಕಾಗದ ಗೀಗದ ಮಾಡ್ಬೇಡ ಕಣಮ್ಮ. ಎಲ್ಲಾದ್ರೂ ದೇವಸ್ಥಾನದಲ್ಲಿ ಹಾರ ಹಾಕ್ಕೊಂಡು ಇದ್ಬಿಡಿ. ಸೈನ್ ಹಾಕ್ತಾ ಇರು, ದುಡ್ಡು ಬರ್ತಾ ಇರತ್ತೆ. ಎವರು ಅಡುಗುತಾರಮ್ಮಾ? ಯಾರು ಕೇಳ್ತಾರೆ ನಿನ್ನ?”

“ಯಾರಾದ್ರೂ ಕಂಪ್ಲೇಂಟ್ ಬರೆದು ಹಾಕಿದ್ರೆ?”

“ಅದಕ್ಕೇ ಕೇಳ್ತಿರೋದು, ಮದುವೆಯೇ ಯಾಕೆ ಅಂತ.”

ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣ ಹೇಳಿದ್ದು ಸರಿ ಎನ್ನಿಸಿತು ಎಂದರೆ ಸುಳ್ಳಲ್ಲ. ನಷ್ಟವಿಲ್ಲದ ದಾರಿ ಅದೊಂದೇ. ಇವರಿಗೆ ಹೇಳಿದಾಗ ಕಾಫಿ ಲೋಟ ಕೆಳಗಿಟ್ಟರು.

“ನಿಮ್ಮನ್ನ ಕದ್ದು ಮನೆಗೆ ಕರ್ಕೊಂಡು ಹೋಗಕ್ಕೆ ನನ್ನ ಕೈಲಿ ಆಗಲ್ಲ” ಎಂದರು. “ಪ್ರತಿ ನವೆಂಬರ್ ನೀವು ನಡುಗ್ತಾ ಬ್ಯಾಂಕಿಗೆ ಹೋಗೋದು, ನಾನು ಹೊರಗೆ ನಿಂತಿರೋದು. ಅದು ಸಂಸಾರವಾ?”

ಹಾಗಾದರೆ ಎಲ್ಲವನ್ನೂ ಸರಿಯಾಗಿ ಕೇಳಿ ತಿಳಿಯೋಣ ಎಂದು ಒಂದು ದಿನ ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋದೆವು. ಖಜಾನೆಯ ಕಚೇರಿಯಲ್ಲಿದ್ದ ಹೆಣ್ಣುಮಗಳು ನನ್ನನ್ನೂ ಅವರನ್ನೂ ಒಂದೊಂದು ಸಲ ನೋಡಿ, ದನಿ ತಗ್ಗಿಸಿ ಹೇಳಿದಳು. ಮದುವೆಯಾದ ದಿನಕ್ಕೇ ಮೇಷ್ಟ್ರ ಪಿಂಚಣಿ ನಿಲ್ಲುತ್ತದೆ. ಆಮೇಲೆ ತೆಗೆದುಕೊಂಡದ್ದನ್ನು ಹಿಂದಕ್ಕೆ ಕಟ್ಟಬೇಕು.

“ಮುಂದೆ ಇವರಿಗೂ ಏನಾದ್ರೂ ಆದ್ರೆ? ಮತ್ತೆ ಶುರು ಆಗತ್ತಾ?” ಎಂದು ನಾನು ಕೇಳಿದೆ. ಅವರು ಪಕ್ಕದಲ್ಲೇ ಇದ್ದರು.

“ಇಲ್ಲಮ್ಮ. ಒಂದು ಸಲ ನಿಂತ್ರೆ ನಿಂತಂಗೆ.”

ಅಲ್ಲಿಂದ ಅವರ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋದೆವು. ರಿಟೈರಾದ ರೈಲ್ವೆಯವರಿಗೆ ಅರ್ಜಿ ಬರೆದುಕೊಡುವ ಮನುಷ್ಯ. ಖುಷಿಯಾಗಿಯೇ ಮಾತಾಡಿದರು. ರಿಟೈರಾದ ಮೇಲೆ ಮದುವೆಯಾದರೂ ಹೆಂಡತಿಯ ಹೆಸರನ್ನು ಪಿಂಚಣಿ ಕಾಗದಕ್ಕೆ ಸೇರಿಸಬಹುದು. ಮದುವೆ ರಿಜಿಸ್ಟರ್ ಆಗಿರಬೇಕು, ಅರ್ಜಿ ಬೆಂಗಳೂರಿನ ಕಚೇರಿಗೆ ಹೋಗಬೇಕು, ಸೇರಿ ಬರಲು ತಿಂಗಳುಗಳೇ ಹಿಡಿಯಬಹುದು. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಆ ಸಹೋದ್ಯೋಗಿ ತಡೆದು ಇವರನ್ನು ಕೇಳಿದರು: “ಮಗಳು ಡೈವೋರ್ಸ್ ಆಗಿ ಮನೇಲೇ ಇದಾಳಲ್ವಾ? ಈಗಿನ ಪ್ರಕಾರ ನಿನ್ನ ನಂತರ ಫ್ಯಾಮಿಲಿ ಪೆನ್ಷನ್ ಅವಳಿಗೆ ಬರತ್ತೆ. ಇವರು ಬಂದ್ರೆ, ಇವರು ಇರೋವರೆಗೂ ಅವಳಿಗಿಲ್ಲ. ಅದನ್ನ ಯೋಚನೆ ಮಾಡಿದೀರಾ?”

ಮಾಡಿರಲಿಲ್ಲ. ಇಬ್ಬರೂ ಮಾಡಿರಲಿಲ್ಲ.

“ನನಗೆ ಬೇಡ ಅಂತ ಬರ್ಕೊಟ್ರೆ?” ಎಂದೆ.

“ಬಿಟ್ಕೊಡಕ್ಕೆ ಅದೇನು ಸೈಟಾಮ್ಮ? ಹೆಂಡತಿ ಇದ್ರೆ ಹೆಂಡತಿಗೆ. ಅಷ್ಟೇ.”

ಬಸ್ಸು ಮಂಚೇನಹಳ್ಳಿ ದಾಟುವವರೆಗೂ ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಬೇರೆಬೇರೆ ಉಳಿದರೆ ಮೂವರಿಗೂ ಒಂದೊಂದು ಆಸರೆ ಇರುತ್ತದೆ. ಮದುವೆಯಾದರೆ ಮೇಷ್ಟ್ರ ಪಿಂಚಣಿ ಹೋಗಿ, ಉಳಿದದ್ದೊಂದು. ಅದಕ್ಕೂ ನಾನು ಆ ಹುಡುಗಿಗಿಂತ ಮುಂದೆ ಹೋಗಿ ನಿಲ್ಲಬೇಕು.

“ಅವಳಿಗೆ ಈಗ್ಲೇ ಹೇಳೋದು ಬೇಡ” ಎಂದರು ಅವರು.

“ದಿನಾ ಎದುರಿಗೆ ಕೂತ್ಕೋತಾಳೆ. ಹೇಳದೆ ಹೇಗಿರಲಿ?”

ಮರುದಿನ ನಾನೇ ಹೇಳಿದೆ. ನೀಲಿ ಸೀರೆಯೊಂದರ ಸೆರಗು ಇಬ್ಬರ ಮೊಣಕಾಲ ಮೇಲೂ ಹರಡಿತ್ತು. ಅವಳು ಕೇಳುತ್ತಲೇ ಗಂಟು ಹಾಕುತ್ತಿದ್ದಳು. ನಾನು ಮುಗಿಸಿದ ಮೇಲೂ ಗಂಟು ಹಾಕಿದಳು. ಆ ಸೆರಗು ಪೂರ್ತಿಯಾದ ಮೇಲೆ ಕತ್ತರಿ ಕೆಳಗಿಟ್ಟು ತಲೆಯೆತ್ತಿದಳು.

“ಆಂಟಿ, ನಿಮಗೇ ಅಂತ ಒಂದಿದೆ. ಅದನ್ನ ಬಿಟ್ಟು ನನ್ನದಕ್ಕೆ ಬರ್ತೀರಾ?”

ನಾನು ಸೆರಗನ್ನು ಮಡಿಸತೊಡಗಿದೆ.

“ಅಪ್ಪ ಮದುವೆ ಆಗ್ಲಿ ಅಂತ ನಂಗೂ ಆಸೆನೇ. ನೀವಂದ್ರೆ ನಂಗೆ ಇಷ್ಟ. ಆದ್ರೆ ನನ್ನ ಗಂಡನ ಮನೆಯಿಂದ ನಾನು ಒಂದು ಚಮಚ ತಂದಿಲ್ಲ. ನಾಳೆ ಅಪ್ಪ ಇಲ್ದಿದ್ರೆ ನಾನು ನಿಮ್ಮ ಕೈ ನೋಡ್ಬೇಕಾ?”

ಆಮೇಲೆ ಅವಳು ಕೆಲಸಕ್ಕೆ ಬರಲಿಲ್ಲ. ಗೌರಿ ಹಬ್ಬದ ಸೀರೆಗಳು ಮೂಲೆಯಲ್ಲಿ ಗುಡ್ಡೆ ಬಿದ್ದವು. ನಾನೊಬ್ಬಳೇ ಕಣ್ಣು ಉರಿಯುವವರೆಗೆ ಕಟ್ಟಿದೆ. ಅವಳದೇ ಮಾತು ಕಿವಿಯಲ್ಲಿತ್ತು. ಕೈ ನೋಡುವುದು ಎಂದರೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ತಪ್ಪಿಸಿಕೊಳ್ಳಲೆಂದೇ ನಾನು ಊರು ಬಿಟ್ಟು ಬಂದವಳು.

ದಸರಾ ಕಳೆದ ಮೇಲೆ ಅವಳು ಮತ್ತೆ ಬಂದಳು. ಕೆಲಸ ಬೇಕಿತ್ತು, ಬಂದಳು. ಮಾತು ಮಾತ್ರ ನೂಲು, ಬಣ್ಣ, ಗಿರಾಕಿ, ಅಷ್ಟಕ್ಕೇ ನಿಂತಿತು. ಅವಳ ಅಪ್ಪನೂ ನಾನೂ ಸ್ಟೇಷನ್ನಿನಲ್ಲಿ ಜಗಳವಾಡಿದೆವು. ಇನ್ನೊಂದು ವರ್ಷ ನೋಡೋಣ ಎಂದು ನಾನು ಹೇಳಿದ್ದೇ ತಪ್ಪಾಯಿತು.

“ಬೇಡ ಅಂದ್ರೆ ಬೇಡ ಅನ್ನಿ. ಪಿಂಚಣಿ ಮೇಲೆ ಹಾಕ್ಬೇಡಿ” ಎಂದರು.

“ಪಿಂಚಣಿ ಮೇಲೆ ಹಾಕ್ತಿಲ್ಲ. ನಿಮ್ಮ ಹತ್ರ ತಿಂಗಳು ತಿಂಗಳು ಕೈಚಾಚಬೇಕಲ್ಲ, ಅದಕ್ಕೆ ಭಯ ನಂಗೆ.”

“ನಾನು ಅಂಥೋನು ಅನ್ಕೊಂಡ್ರಾ?”

“ನೀವು ಎಂಥೋರಾದ್ರೂ ಅಷ್ಟೇ. ಚಾಚೋದು ನನ್ನ ಕೈ.”

ಗಾಡಿ ಬಂತು. ತಿರುಗಿ ನೋಡದೆ ಹತ್ತಿ ಹೋದರು.

ನವೆಂಬರಿನಲ್ಲಿ ಬ್ಯಾಂಕಿಗೆ ಹೋದೆ. ಸಾಲು ಉದ್ದವಿತ್ತು. ನನ್ನ ಮುಂದೆ ಊರುಗೋಲು ಹಿಡಿದ ಅಜ್ಜಿಯೊಬ್ಬಳು ಹೆಬ್ಬೆಟ್ಟು ಒತ್ತಿದಳು. ನನ್ನ ಸರದಿ ಬಂದಾಗ ಹುಡುಗಿಯೊಬ್ಬಳು ಹಾಳೆ ಮುಂದಕ್ಕೆ ತಳ್ಳಿದಳು. ಮರುಮದುವೆಯಾಗಿಲ್ಲ. ಆವತ್ತಿಗೆ ಅದು ನಿಜವೇ. ಸಹಿ ಹಾಕಬಹುದಿತ್ತು, ಹಾಕಿದೆ. ಹೊರಗೆ ಬಂದರೆ ಎದುರಿನ ಹೋಟೆಲಿನ ಮುಂದೆ ಅವರು ನಿಂತಿದ್ದರು. ಜಗಳವಾಡಿದ ದಿನದಿಂದ ಮುಖ ತೋರಿಸಿರಲಿಲ್ಲ.

“ಆಯ್ತಾ?” ಎಂದರು.

“ಆಯ್ತು.”

“ಸರಿ ಬಿಡಿ” ಎಂದು ಹೊರಟರು. ಆ ‘ಸರಿ ಬಿಡಿ’ಯಲ್ಲಿ ಎಲ್ಲ ಮುಗಿದುಹೋದ ದನಿಯಿತ್ತು. ನಾನು ಬೀದಿಯಲ್ಲೇ ಅವರ ತೋಳು ಹಿಡಿದೆ. ನೋಡುವವರು ನೋಡಲಿ ಎಂದು ಹಿಡಿದದ್ದಲ್ಲ, ಬಿಟ್ಟರೆ ಇನ್ನು ಬರುವುದಿಲ್ಲ ಎಂಬ ಹೆದರಿಕೆಯಿಂದ.

“ಮೊದಲು ನಿಮ್ಮ ಮನೆನ ಮಗಳ ಹೆಸರಿಗೆ ಮಾಡಿ” ಎಂದೆ. “ರಿಜಿಸ್ಟರ್ ಮಾಡ್ಸಿ. ಆಮೇಲೆ ನಮ್ಮದು. ಪಿಂಚಣಿ ನಾನು ಬಿಡ್ತೀನಿ.”

ಅವರು ನನ್ನನ್ನೇ ನೋಡಿದರು. “ಆಗ ನಿಮಗೇನು ಉಳಿಯತ್ತೆ?”

“ಕೈಯಲ್ಲಿ ಕೆಲಸ ಇದೆ.”

ಧೈರ್ಯದಿಂದ ಆಡಿದ ಮಾತಲ್ಲ ಅದು. ಆದರೆ ಬೇರೆ ಯಾವ ರೀತಿಯಲ್ಲೂ ಆ ಹುಡುಗಿಯ ಎದುರು ನಾನು ಕೂತು ನೂಲು ಹಿಡಿಯಲಾರೆ ಎಂಬುದು ಖಾತ್ರಿಯಾಗಿತ್ತು.

ದಾನಪತ್ರವಾಯಿತು. ಮಗಳು ಅದಕ್ಕೂ ಸಂತೋಷ ಪಡಲಿಲ್ಲ. “ನಾನು ಮನೆ ಕೇಳಿರಲಿಲ್ಲ” ಎಂದಳು. ಅಣ್ಣ ಫೋನಿನಲ್ಲಿ ಕೂಗಾಡಿದ: “ಇದ್ದದ್ದೂ ಬಿಟ್ಟೆ, ಹೋಗೋ ಮನೇನೂ ಬಿಟ್ಟೆ. ನಿಂಗೆ ತಲೆ ನೆಟ್ಟಗಿದೆಯಾ?”

ಅವರಿಗೆ ಮಂತ್ರ ಬೇಡ, ನನಗೆ ಮುಹೂರ್ತ ಬೇಡ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೇ ಮದುವೆ ಎಂದು ತೀರ್ಮಾನಿಸಿದೆವು. ಅದಕ್ಕೆ ಮೊದಲು ನೋಟಿಸು ಕೊಡಬೇಕು. ಇಬ್ಬರ ಹೆಸರು, ವಯಸ್ಸು, ವಿಳಾಸ ಬರೆದು ಕಚೇರಿಯ ಬೋರ್ಡಿಗೆ ಅಂಟಿಸುತ್ತಾರೆ. ಒಂದು ತಿಂಗಳು ಅದು ಅಲ್ಲಿರಬೇಕು. ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಬಹುದು. ಊರಿನ ಸೈಟು ಹೊಲದ ರಿಜಿಸ್ಟರ್ ಕೆಲಸಕ್ಕೆ ಬರುವವರೆಲ್ಲ ಆ ಬೋರ್ಡಿನ ಕೆಳಗೇ ನಿಂತು ಬೀಡಿ ಸೇದುತ್ತಾರೆ. ಹಾಲಿನವನು ಕೇಳಿದ, ಮನೆ ಓನರಮ್ಮ ಕೇಳಿದರು. ಯಾರು ಬಾಗಿಲು ತಟ್ಟಿದರೂ ಚಿಂತಾಮಣಿಯಿಂದ ಅಣ್ಣನೇ ಬಂದನೋ ಎಂದು ಮೊದಲು ಕಿಟಕಿಯಲ್ಲಿ ಇಣುಕುತ್ತಿದ್ದೆ.

ಅಣ್ಣ ಬರಲಿಲ್ಲ. ಒಂದು ಕಾಗದದ ನಕಲು ಕೊಡಲು ನಾನು ಆ ಆಫೀಸಿಗೆ ಹೋಗಿದ್ದಾಗ ಅಲ್ಲಿನ ಗುಮಾಸ್ತೆ ಸಣ್ಣಗೆ ಹೇಳಿದರು: “ನಿಮ್ಮ ನೋಟಿಸ್ ಬಗ್ಗೆ ಒಬ್ರು ಹೆಣ್ಮಗಳು ಬಂದು ಕೇಳ್ಕೊಂಡು ಹೋದ್ರು. ಆಕ್ಷೇಪಣೆ ಹೇಗೆ ಹಾಕೋದು ಅಂತ. ಪಿಂಚಣಿ ವಿಷಯಕ್ಕೆಲ್ಲ ಮದುವೆ ತಡೆಯಕ್ಕೆ ಆಗಲ್ಲಮ್ಮ ಅಂತ ಹೇಳಿ ಕಳಿಸ್ದೆ.”

ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಮನೆಗೆ ಬಂದರೆ ಅವಳು ಬಾಗಿಲಿಗೆ ಬೆನ್ನು ಮಾಡಿ ಕೂತು ಹಸಿರು ನೂಲು ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತೆ. ಇಬ್ಬರೂ ಸಂಜೆಯವರೆಗೆ ಕಟ್ಟಿದೆವು. ಅವಳ ಅಪ್ಪನಿಗೆ ನಾನು ಹೇಳಲಿಲ್ಲ. ಹೇಳಿದರೆ ಆ ಮನೆಯಲ್ಲಿ ಅಪ್ಪ ಮಗಳು ಒಟ್ಟಿಗೆ ಊಟ ಮಾಡುತ್ತಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಮದುವೆಯಾಯಿತು. ಚಿಕ್ಕಬಳ್ಳಾಪುರದ ಸಹೋದ್ಯೋಗಿ, ಅವರ ಹೆಂಡತಿ, ನನ್ನ ಮನೆ ಓನರಮ್ಮ ಸಾಕ್ಷಿ ಹಾಕಿದರು. ಮಗಳು ಬರಲಿಲ್ಲ. ತೊಂಡೇಬಾವಿಗೆ ಹೋದಾಗ ಬಾಗಿಲು ತೆರೆದಿತ್ತು. ಒಲೆಯ ಮೇಲೆ ಅನ್ನ, ಅವರೆಕಾಳು ಸಾರು ಬಿಸಿಯಾಗಿತ್ತು. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. “ಊಟ ಮಾಡಿ, ಆರೋಗತ್ತೆ” ಎಂದಳು, ತಿರುಗದೆ.

ಅದೇ ವಾರ ನಾನು ಖಜಾನೆಗೂ ಬ್ಯಾಂಕಿಗೂ ಪತ್ರ ಬರೆದುಕೊಟ್ಟೆ. ನನಗೆ ಮದುವೆಯಾಗಿದೆ, ಪಿಂಚಣಿ ನಿಲ್ಲಿಸಿ ಎಂದು. ಮುಂದಿನ ತಿಂಗಳು ಫೋನಿಗೆ ಬ್ಯಾಂಕಿನ ಮೆಸೇಜು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಫೋನನ್ನು ಹಿಡಿದುಕೊಂಡೇ ಓಡಾಡಿದೆ. ಮೇಷ್ಟ್ರು ತೀರಿಕೊಂಡಾಗ ನಾನು ಅಷ್ಟೇನೂ ಅತ್ತವಳಲ್ಲ. ಆವತ್ತು ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಇವರು ಬಂದು ನೋಡಿ, ಬಾಗಿಲು ಮುಂದಕ್ಕೆಳೆದು ಹೋದರು.

ರೈಲ್ವೆಗೆ ಅರ್ಜಿ ಹೋಗಿತ್ತು. ಜಂಟಿ ಫೋಟೋ, ಮದುವೆಯ ಪ್ರಮಾಣಪತ್ರ, ಎಲ್ಲ. ಮೊದಲು ಒಂದು ಸಲ ಹೆಸರಿನ ಅಕ್ಷರ ಹೊಂದುತ್ತಿಲ್ಲ ಎಂದು ವಾಪಸು ಬಂತು. ತಿದ್ದಿ ಕಳಿಸಿದೆವು. ನನ್ನ ಹೆಸರು ಸೇರುವವರೆಗಿನ ಆ ತಿಂಗಳುಗಳಲ್ಲಿ ನಾನು ಅವರನ್ನು ಸೈಕಲ್ ಹತ್ತಲು ಬಿಡುತ್ತಿರಲಿಲ್ಲ, ಶೀಟಿನ ಮಾಡಿನ ಮೇಲೆ ಹತ್ತಿ ನುಗ್ಗೆಕಾಯಿ ಕೀಳಲು ಬಿಡುತ್ತಿರಲಿಲ್ಲ. ಕೆಮ್ಮಿದರೆ ತಿರುಗಿ ನೋಡುವೆ. ಅದು ಪ್ರೀತಿಯೋ ಲೆಕ್ಕಾಚಾರವೋ ನನಗೇ ತಿಳಿಯದೆ ನಾಚಿಕೆಯಾಗುತ್ತಿತ್ತು.

ಬೇಸಿಗೆಯ ಕೊನೆಗೆ ಅವರಿಗೆ ಜ್ವರ ಬಂತು. ಡೆಂಗಿ ಎಂದರು. ಗೌರಿಬಿದನೂರಿನ ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಡಾಕ್ಟರು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾಗಬಹುದು, ನಾಳೆವರೆಗೆ ನೋಡೋಣ ಎಂದರು. ಮಗಳೂ ನಾನೂ ವರಾಂಡದ ಬೆಂಚಿನ ಮೇಲೆ ಕೂತಿದ್ದೆವು. ಅವಳ ಕಣ್ಣು ಕೆಂಪಾಗಿತ್ತು. ಇದ್ದಕ್ಕಿದ್ದಂತೆ, “ಆವತ್ತು ನಾನು ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ ಆಂಟಿ” ಎಂದಳು.

“ಗೊತ್ತು ಕಣಮ್ಮ.”

“ಗೊತ್ತಿತ್ತಾ?” ಅವಳು ನನ್ನ ಮುಖ ನೋಡಿದಳು. “ಅಪ್ಪಂಗೆ?”

“ಇಲ್ಲ.”

ಅವಳು ವಾರ್ಡಿನ ಬಾಗಿಲ ಕಡೆ ತಿರುಗಿದಳು. ಆಮೇಲೆ, “ನಂಗೆ ಪಿಂಚಣಿನೂ ಬೇಡ ಏನೂ ಬೇಡ, ಅಪ್ಪ ಎದ್ದು ಬಂದ್ರೆ ಸಾಕು” ಎಂದು ಅಳತೊಡಗಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳು ಕೈ ಸರಿಸಲಿಲ್ಲ. ನನಗೂ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಅದೊಂದೇ. ಅಷ್ಟು ತಿಂಗಳ ನಾಚಿಕೆ ಅಲ್ಲಿ ಸ್ವಲ್ಪ ಕಳಚಿತು.

ಮರುದಿನ ಪ್ಲೇಟ್‌ಲೆಟ್ ಇಳಿಯುವುದು ನಿಂತಿತು. ಅದರ ಮರುದಿನ ಅವರು ಇಡ್ಲಿ ಕೇಳಿದರು. ಬೆಂಗಳೂರಿಗೆ ಹೋಗುವುದು ತಪ್ಪಿತು. ಮನೆಗೆ ಬಂದಮೇಲೂ ಬಹಳ ದಿನ ನಿತ್ರಾಣವಿತ್ತು. ಮಗಳು ಒಂದು ಕಡೆ, ನಾನೊಂದು ಕಡೆ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದೆವು.

ಮಳೆಗಾಲದಲ್ಲಿ ಬೆಂಗಳೂರಿನಿಂದ ಕಾಗದ ಬಂತು. ಪಿಂಚಣಿ ಆದೇಶದಲ್ಲಿ ಹೆಂಡತಿ ಎಂದು ನನ್ನ ಹೆಸರು ಸೇರಿತ್ತು. ಮಗಳೇ ಪೋಸ್ಟ್‌ಮನ್ ಹತ್ತಿರ ಸಹಿ ಹಾಕಿ ಪಡೆದು, ಒಡೆದು ಓದಿ, ನನಗೆ ಕೊಟ್ಟಳು. “ಈ ಸಲ ಅಕ್ಷರ ಸರಿಯಾಗಿದೆ, ನೋಡ್ಕೊಳಿ” ಎಂದಳು. ಆಮೇಲೆ ಅವರ ಪಿಂಚಣಿ ಬರುವ ಖಾತೆಯನ್ನು ಇಬ್ಬರ ಹೆಸರಿಗೂ ಮಾಡಿಸಿದೆವು. ಆ ಖಾತೆಯಿಂದ ನಾನು ಇನ್ನೂ ದುಡ್ಡು ತೆಗೆದಿಲ್ಲ. ಅದನ್ನು ನೋಡಿ ಅವರು ಆಗಾಗ ಗೊಣಗುತ್ತಾರೆ. ತೆಗೆಯುತ್ತೇನೆ, ಇನ್ನೂ ಮನಸ್ಸು ಬಂದಿಲ್ಲ.

ಅಣ್ಣ ಯುಗಾದಿಗೆ ಫೋನ್ ಮಾಡಿದ್ದ. ಮನೆಗೆ ಬರುತ್ತೇನೆ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಆರೋಗ್ಯ ಕೇಳಿದ. ಮಗಳ ಮುನಿಸು ಪೂರ್ತಿ ಹೋಗಿದೆ ಎಂದು ಹೇಳಲಾರೆ. ಕೆಲವು ದಿನ ಅವಳು ಮೊದಲಿನ ಹಾಗೆಯೇ ಮಾತು ಬಿಗಿಹಿಡಿಯುತ್ತಾಳೆ, ನಾನೂ ಕೆದಕುವುದಿಲ್ಲ. ಗೌರಿಬಿದನೂರಿನ ಕೋಣೆಯನ್ನು ಕೆಲಸಕ್ಕೆಂದು ಉಳಿಸಿಕೊಂಡಿದ್ದೇವೆ. ಬೆಳಿಗ್ಗೆ ಇಬ್ಬರೂ ಒಂದೇ ಗಾಡಿಗೆ ಹೊರಡುತ್ತೇವೆ. ಈಗ ಮದುವೆಯ ಕಾಲ, ಸೀರೆಗಳು ಬಹಳ ಬಂದಿವೆ. ಮೊನ್ನೆ ಶಿಡ್ಲಘಟ್ಟಕ್ಕೆ ನೂಲಿಗೆ ಅವಳೊಬ್ಬಳೇ ಹೋಗಿ, ನಾನು ಹೇಳದಿದ್ದ ಬಣ್ಣ ತಂದು, ಇದೇ ಚೆನ್ನಾಗಿದೆ ಎಂದು ವಾದ ಮಾಡಿದಳು. ಸೆರಗಿಗೆ ಹಿಡಿದು ನೋಡಿದರೆ ಅವಳು ಹೇಳಿದ್ದೇ ಸರಿಯಿತ್ತು.